ಅಪ್ಪನ ಮಳೆ ಪುಸ್ತಕದಲ್ಲಿ ನಾನು ಬರೆಯಬಹುದಾ?

ಮೂಡಿಗೆರೆ ಮಗಳು:
ಅಪ್ಪ ಹೋಗಿ 40 ದಿನ ಆಯಿತು. ಮೂಡಿಗೆರೆ ಹತ್ತಿರ ನಮ್ಮದು ಸಣ್ಣ ರೊಬಸ್ಟಾ ಕಾಫಿ ತೋಟ. 1987ರಿಂದ ಅಪ್ಪ ದಿನಾ ಬೆಳಿಗ್ಗೆ ಎಂಟಕ್ಕೆ ಅಂಗಳದ ಮಳೆ ಮಾಪಕ ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದರು. ಇಂಚು, ಸೆಂಟ್ ಲೆಕ್ಕ, ನೂರು ಸೆಂಟ್‌ಗೆ ಒಂದು ಇಂಚು. ಪಕ್ಕದಲ್ಲಿ ಒಂದು ಸಾಲು. "ಗೌರಿ ಕರು ಹಾಕಿತು." "6 ದಿನದಿಂದ ಕರೆಂಟ್ ಇಲ್ಲ." ನಾನು ಹುಟ್ಟಿದ ದಿನ, "2 ಇಂಚು 35. ಹೆಣ್ಣು ಮಗು. ಇಬ್ಬರೂ ಆರಾಮ." ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಬರೆದದ್ದೇ ಕೊನೆ: "0. ಮೋಡ ಇದೆ."

ನಿನ್ನೆ ರಾತ್ರಿ ಹೂಮಳೆ ಬಂತು, ಕಾಫಿ ಹೂ ಅರಳಿಸುವ ಮಳೆ. ಬೆಳಿಗ್ಗೆ ಅಮ್ಮ ಮಾಪಕದ ಮುಂದೆ ಸುಮ್ನೆ ನಿಂತಿದ್ದಳು. ನೀರು ಮುಟ್ಟಲು ಬಿಡಲಿಲ್ಲ. ಪುಸ್ತಕ ಅಪ್ಪನ ಅಕ್ಷರಕ್ಕೇ ನಿಲ್ಲಲಿ ಅಂತಾನೆ ಅಣ್ಣ. ನನಗೆ ಬರೆಯಬೇಕು ಅನಿಸುತ್ತದೆ. ನಿಮ್ಮ ಮನೆಗಳಲ್ಲಿ ಏನು ಮಾಡಿದಿರಿ?

ಸಕಲೇಶಪುರದವನು:
ಮೊದಲು ಆ ನೀರು ಅಳೆಯಿರಿ, ಬಿಸಿಲಿಗೆ ಆರಿಹೋಗುತ್ತದೆ. ಒಂದು ಚೀಟಿಯಲ್ಲಾದರೂ ಬರೆದಿಡಿ. ಹೂಮಳೆ ಆದಮೇಲೆ ಎರಡು ಮೂರು ವಾರದಲ್ಲಿ ಕಾಯಿ ಕಟ್ಟಲು ಇನ್ನೊಂದು ಮಳೆ ಬೇಕಲ್ವಾ? ಬರದಿದ್ದರೆ ಸ್ಪ್ರಿಂಕ್ಲರ್ ಹಾಕೋದು ನೀವೇ. ನಮ್ಮ ಮನೆ ಪುಸ್ತಕದಲ್ಲಿ ತಾತ, ದೊಡ್ಡಪ್ಪ, ನಾನು, ಮೂರು ಅಕ್ಷರ ಇದೆ. ತಾತನ ಅಕ್ಷರ ಮುಗಿದು ದೊಡ್ಡಪ್ಪನದು ಶುರುವಾಗುವ ಪುಟವನ್ನೇ ನಾನು ಜಾಸ್ತಿ ನೋಡೋದು.

ಬೇಲೂರಿನಿಂದ:
ನಿಮ್ಮ ಅಣ್ಣನ ಸಂಕಟ ನನಗೆ ಅರ್ಥವಾಗುತ್ತದೆ. ಅಮ್ಮ ಹೋದಮೇಲೆ ಅವಳ ಹಾಡಿನ ಪುಸ್ತಕವನ್ನು ಯಾರೂ ಮುಟ್ಟಬಾರದು ಅಂತ ಟ್ರಂಕಿನಲ್ಲಿಟ್ಟೆ. ಎರಡು ಮಳೆಗಾಲಕ್ಕೆ ಬೂಷ್ಟು ಹಿಡಿದು ಪುಟಗಳು ಅಂಟಿಕೊಂಡವು. ಬರೆಯಿರಿ, ಬಿಡಿ, ಆದರೆ ಜೂನ್‌ಗೆ ಮೊದಲು ಪ್ರತಿ ಪುಟದ ಫೋಟೋ ತೆಗೆಯಿರಿ. ಬರೆಯುವುದಾದರೆ ಈ 40 ದಿನ ಖಾಲಿ ಬಿಡಿ. ಅದೂ ಲೆಕ್ಕವೇ.

ಮೂಡಿಗೆರೆ ಮಗಳು:
ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಅಣ್ಣನೂ ಕೂತು ಕೇಳಿದ. ಅಮ್ಮನೇ ಎದ್ದು ಹೋಗಿ ಅಳತೆ ಜಾಡಿಗೆ ನೀರು ಹಾಕಿದಳು. 1 ಇಂಚು 10. ಬರೆದೆ. ಖಾಲಿ ಬಿಡುವುದು ಮಾತ್ರ ಬೇಡ ಅಂದಳು. ಅಪ್ಪ ಪರ ಊರಿಗೆ ಹೋದಾಗ ಪಕ್ಕದ ತೋಟದವರನ್ನು ಕೇಳಿ ತುಂಬಿಸುತ್ತಿದ್ದರಂತೆ. ಸಂಜೆ ಅಣ್ಣ ಅವರ ಮನೆಗೆ ಹೋಗಿದ್ದಾನೆ, ಪುಸ್ತಕ ತಗೊಂಡು.