ಹಳೇ ಮಿಲಿಟರಿ ಬ್ಯಾಡ್ಜುಗಳು: ಅನುಭವ ಇದ್ದವರು ಹೇಳಿ

ಪ್ರಶ್ನೆ, ಕುಂಬಳೆಯಿಂದ: ನಮ್ಮ ದೊಡ್ಡಪ್ಪ ಸೈನ್ಯದಲ್ಲಿ ಅಧಿಕಾರಿಯಾಗಿದ್ದರು. ಅವರ ಟ್ರಂಕಿನಲ್ಲಿ ಭುಜದ ನಕ್ಷತ್ರಗಳು, ಒಂದು ಕಿರೀಟ, ಟೊಪ್ಪಿಯ ಬ್ಯಾಡ್ಜ್ ಸಿಕ್ಕಿವೆ. ಎಲ್ಲ ಕಂದು ತಿರುಗಿದೆ. ತಿಕ್ಕಿ ಹೊಳಪು ಮಾಡಬಹುದಾ? ಇನ್ನಷ್ಟು ಸಂಗ್ರಹಿಸುವ ಆಸೆಯೂ ಉಂಟು. ಕೊಳ್ಳುವಾಗ ಏನು ನೋಡಬೇಕು?

ಬದಿಯಡ್ಕದಿಂದ: ದಯವಿಟ್ಟು ತಿಕ್ಕಬೇಡಿ. ಹುಣಸೆಹುಳಿಯೂ ಬೇಡ, ಬ್ರಾಸೊ ಕೂಡ ಬೇಡ. ಅಧಿಕಾರಿಗಳ ಸರ್ವಿಸ್ ಡ್ರೆಸ್ ಎಂಬ ಖಾಕಿ ಸಮವಸ್ತ್ರದ ಬ್ಯಾಡ್ಜಿಗೆ ಬೇಕೆಂದೇ ಕಂದು ಬಣ್ಣ ಕೊಡುತ್ತಿದ್ದರು. ಸಿಪಾಯಿಗಳದ್ದು ಹೊಳೆಯುವ ಹಿತ್ತಾಳೆ. ನೀವು ತಿಕ್ಕಿದರೆ ಅಧಿಕಾರಿಯದ್ದು ಎಂಬ ಗುರುತೇ ಅಳಿಸಿಹೋಗುತ್ತದೆ. ಒಣ ಮೆತ್ತನೆ ಬಟ್ಟೆಯಲ್ಲಿ ಧೂಳು ಒರೆಸಿ, ಅಷ್ಟೇ ಸಾಕು.

ಕಾಲ ತಿಳಿಯಲು ಕಿರೀಟ ನೋಡಿ. ನಮ್ಮ ಮೇಜರ್‌ಗಳ ಭುಜದಲ್ಲಿ ಮೊದಲು ಇದ್ದದ್ದು ಬ್ರಿಟಿಷ್ ಕಿರೀಟ. 1950ರಲ್ಲಿ ಗಣರಾಜ್ಯವಾದಾಗ ಆ ಜಾಗಕ್ಕೆ ಅಶೋಕನ ಸಿಂಹ ಬಂತು. ನಕ್ಷತ್ರವೂ ಬದಲಾಯಿತು. ಹಳೆಯದರಲ್ಲಿ ಸಾಮಾನ್ಯವಾಗಿ ನಾಲ್ಕು ಮೂಲೆ, ನಡುವೆ ಮೂರು ಪುಟ್ಟ ಕಿರೀಟ. ಈಗಿನದಕ್ಕೆ ಐದು ಮೂಲೆ. ಇನ್ನೊಂದು ವಿಷಯ. ಬ್ರಿಟಿಷ್ ರಾಜರ ಕಾಲದ ಕಿರೀಟದ ತಲೆ ಗುಂಡಗೆ ಎದ್ದಿರುತ್ತದೆ. ಎಲಿಜಬೆತ್ ರಾಣಿಯ ಕಿರೀಟದಲ್ಲಿ ನಡುವೆ ತಗ್ಗು. ರಾಣಿ ಪಟ್ಟಕ್ಕೆ ಬಂದದ್ದೇ 1952ರಲ್ಲಿ. ಭಾರತದ ರೆಜಿಮೆಂಟಿನದು, ಎರಡನೇ ಮಹಾಯುದ್ಧದ್ದು ಎಂದು ಹೇಳಿ ಅಂಥ ಕಿರೀಟದ ಬ್ಯಾಡ್ಜ್ ತೋರಿಸಿದರೆ ಸುಮ್ನೆ ಎದ್ದು ಬನ್ನಿ.

ಹೊಸೂರಿನಿಂದ: ಟೊಪ್ಪಿಯ ಬ್ಯಾಡ್ಜನ್ನು ತಿರುಗಿಸಿ ಹಿಂಬದಿ ನೋಡದೆ ದುಡ್ಡು ಕೊಡಬೇಡಿ. ಅಚ್ಚೊತ್ತಿ ಮಾಡಿದ್ದರಲ್ಲಿ ಮುಂದಿನ ಚಿತ್ರ ಹಿಂದೆ ತಗ್ಗಾಗಿ ಕಾಣುತ್ತದೆ. ಎರಕ ಹೊಯ್ದ ನಕಲಿನಲ್ಲಿ ಗೆರೆಗಳು ಮಂಕಾಗಿರುತ್ತವೆ, ಅಲ್ಲಲ್ಲಿ ಸೂಜಿ ಚುಚ್ಚಿದ ಹಾಗೆ ತೂತು. ಜೆ.ಆರ್. ಗಾಂಟ್ ಎಂಬ ತಯಾರಕರ ಹೆಸರು ಕಂಡ ಕೂಡಲೇ ನಂಬುವವರು ಜಾಸ್ತಿ. ನಕಲಿನ ಮೇಲೂ ಆ ಹೆಸರು ಇರುತ್ತದೆ. ಮೈಸೂರು ಅರಸರ ಕುದುರೆ ಸೈನ್ಯವಾದ ಮೈಸೂರು ಲ್ಯಾನ್ಸರ್ಸ್‌ನದು ಎಂದರೆ ನಮ್ಮ ಕನ್ನಡದವರ ಮನಸ್ಸು ಕರಗುತ್ತದೆ. ಈಗಿನ ಇಸ್ರೇಲಿನ ಹೈಫಾದಲ್ಲಿ 1918ರಲ್ಲಿ ಅವರು ಪಾಲ್ಗೊಂಡ ಗೆಲುವು ಅಂದರೆ ಯಾರಿಗೆ ಹೆಮ್ಮೆ ಇಲ್ಲ? ಆದರೂ ಹಿಂಬದಿ ನೋಡಿ. ನೂರು ವರ್ಷ ದಾಟಿದ ಇಂಥ ವಸ್ತುವನ್ನು ಹೊರದೇಶಕ್ಕೆ ಮಾರುವುದಕ್ಕೆ 1972ರ ಪ್ರಾಚ್ಯವಸ್ತು ಕಾನೂನಿನ ತಡೆ ಇದೆ, ಅದೂ ನೆನಪಿರಲಿ.

ಮಂಜೇಶ್ವರದಿಂದ: ನಮ್ಮ ಕಡೆಯ ಮಳೆಗಾಲಕ್ಕೆ ಹಿತ್ತಾಳೆ ಬೇಗ ಕಿಲುಬು ಹಿಡಿಯುತ್ತದೆ. ಪಿವಿಸಿ ಕವರಿನಲ್ಲಿ ಹಾಕಿದರೆ ಇನ್ನೂ ಹಾಳು. ಮುಚ್ಚಳ ಗಟ್ಟಿ ಇರುವ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ಆಗಾಗ ಬದಲಿಸಿ.

ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಕಾಗದಪತ್ರ. ಎಷ್ಟೋ ಪದಕಗಳ ಅಂಚಿನಲ್ಲಿ ಸೈನಿಕನ ಹೆಸರು ಕೊರೆದಿರುತ್ತದೆ. ಬ್ಯಾಡ್ಜಿಗೆ ಆ ಭಾಗ್ಯ ಇಲ್ಲ. ದೊಡ್ಡಪ್ಪನ ಹೆಸರು, ರೆಜಿಮೆಂಟು, ಸೇರಿದ ವರ್ಷ ಇವತ್ತೇ ಬರೆದು ಜೊತೆಗಿಡಿ. ದೊಡ್ಡಮ್ಮ ಇದ್ದರೆ ಅವರನ್ನು ಕೂರಿಸಿ ಕೇಳಿ. ಹಳೇ ದಾಖಲೆಯಲ್ಲಿ ಕಾಸರಗೋಡು ಜಿಲ್ಲೆ ಎಂದು ಹುಡುಕಬೇಡಿ, ನಮ್ಮ ಜಿಲ್ಲೆ ಆದದ್ದು 1984ರಲ್ಲಿ. 1956ಕ್ಕೆ ಮುಂಚಿನದಾದರೆ ಮದ್ರಾಸ್, ಸೌತ್ ಕೆನರಾ ಎಂದಿರುತ್ತದೆ. ಟ್ರಂಕಿನಲ್ಲಿ ಸಿಕ್ಕಿದ್ದನ್ನು ಬಿಡಿಬಿಡಿಯಾಗಿ ಮಾತ್ರ ಯಾರಿಗೂ ಕೊಡಬೇಡಿ. ಮುಂದೆ ಹಿಂದೆ ಎರಡೂ ಕಡೆಯ ಫೋಟೊ ಹಾಕಿ, ಒಟ್ಟಿಗೆ ನೋಡೋಣ.