ಹರಿಯುವ ನೀರಿನ ಚಿತ್ರ: ಘಟ್ಟದ ಜಲಪಾತ, ಕಾರವಾರದ ಅಲೆ

ಕೇಳಿದವರ ಮಾತು: ಶಿರಸಿಗೆ ಈಚೆಗೆ ವರ್ಗವಾಗಿ ಬಂದಿದ್ದೇನೆ. ಕ್ಯಾಮೆರಾ, ಟ್ರೈಪಾಡ್ ಇವೆ. ಜಲಪಾತದ ಚಿತ್ರ ತೆಗೆದರೆ ನೀರು ಬರೀ ಬಿಳಿಯ ಹಾಳೆಯಾಗಿ ಕಾಣುತ್ತದೆ. ಎನ್‌ಡಿ ಫಿಲ್ಟರ್ (ಲೆನ್ಸಿಗೆ ಬರುವ ಬೆಳಕನ್ನು ತಗ್ಗಿಸುವ ಕಪ್ಪು ಗಾಜು) ಕೊಳ್ಳಬೇಕೆ? ಮಳೆಗಾಲದಲ್ಲಿಯೇ ಹೋಗಬೇಕೆ? ಕಾರವಾರದ ಅಲೆಗಳಿಗೂ ಇದೇ ಕ್ರಮ ನಡೆಯುತ್ತದೆಯೆ?

ಸಿದ್ದಾಪುರದಿಂದ ಒಬ್ಬರು:

ನೀರು ಬಿಳಿಯ ಹಾಳೆಯಾಗಲು ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ: ಷಟರ್ ಅಗತ್ಯಕ್ಕಿಂತ ಹೆಚ್ಚು ಹೊತ್ತು ತೆರೆದಿರುವುದು, ಇಲ್ಲವೇ ಕಪ್ಪು ಬಂಡೆಯನ್ನು ಅಳೆದ ಕ್ಯಾಮೆರಾ ನೊರೆಗೆ ಅತಿಯಾದ ಬೆಳಕು ಕೊಡುವುದು. ಹಿಸ್ಟೋಗ್ರಾಮ್‌ನ (ಚಿತ್ರದ ಕಪ್ಪು ಬಿಳುಪಿನ ಹಂಚಿಕೆ ತೋರಿಸುವ ನಕ್ಷೆ) ಬಲತುದಿ, ಅಂದರೆ ಬಿಳಿಯ ಕಡೆ, ನೋಡಿಕೊಂಡು ಎಕ್ಸ್‌ಪೋಷರ್ (ಚಿತ್ರಕ್ಕೆ ಬೀಳುವ ಬೆಳಕು) ಇಳಿಸಿರಿ. ಬಂಡೆಯ ಕಪ್ಪನ್ನು ರಾ ಕಡತದಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಚಿತ್ರ) ಮೇಲೆತ್ತಬಹುದು, ಸುಟ್ಟುಹೋದ ಬಿಳಿಯನ್ನು ಮರಳಿ ತರಲಾಗದು. ಹತ್ತಿರದ ತೊರೆಗೆ ನಾನು 1/4 ಸೆಕೆಂಡಿನಿಂದ ತೊಡಗುತ್ತೇನೆ, ಏಕೆಂದರೆ ಆ ವೇಗದಲ್ಲಿ ನೀರು ಮೆತ್ತಗಾದರೂ ಅದರ ಎಳೆಗಳು ಉಳಿಯುತ್ತವೆ. ಆದರೆ ಬೇಡ್ತಿ ನದಿಯ ಮಾಗೋಡನ್ನು ಕಣಿವೆಯಾಚೆಯ ವೀಕ್ಷಣಾಸ್ಥಳದಿಂದ ಅಗಲವಾದ ಲೆನ್ಸಿನಲ್ಲಿ ನೋಡುವಾಗ, ಅದೇ ವೇಗದ ನೀರು ಚೌಕಟ್ಟಿನಲ್ಲಿ ಬಹಳ ಸ್ವಲ್ಪವೇ ಸರಿಯುವುದರಿಂದ, ಷಟರನ್ನು ಇನ್ನಷ್ಟು ಹೊತ್ತು ತೆರೆದಿಡಬೇಕಾಗುತ್ತದೆ. ಅಘನಾಶಿನಿ 116 ಮೀಟರ್ ಧುಮುಕುವ ಉಂಚಳ್ಳಿಯಲ್ಲಿ ನನ್ನ ಆಯ್ಕೆಯೇ ಬೇರೆ: ಅಲ್ಲಿ ನೀರಿನ ಭಾರವೇ ವಿಷಯ, ಅದಕ್ಕೆ ನೀರನ್ನು ನಿಲ್ಲಿಸಿ ಹಿಡಿಯುವ 1/500 ಸೆಕೆಂಡ್ ಒಪ್ಪುತ್ತದೆ. ರೇಷ್ಮೆಯಂಥ ನೀರನ್ನು ಎಲ್ಲ ಜಲಪಾತಗಳಿಗೂ ಹೊದಿಸುವ ಅಭ್ಯಾಸ ನನಗೆ ಸರಿಕಾಣುವುದಿಲ್ಲ.

ಜುಲೈಯಲ್ಲಿ ಉಂಚಳ್ಳಿಯ ಕಣಿವೆಯನ್ನು ಮಂಜು ತುಂಬಿ, ಸದ್ದಷ್ಟೇ ಕೇಳುವುದುಂಟು. ನೀರಿಗೂ ಮಣ್ಣಿನ ಬಣ್ಣವಿರುತ್ತದೆ. ಅಕ್ಟೋಬರ್, ನವೆಂಬರ್ ಹೊತ್ತಿಗೆ ನೀರು ತಿಳಿಯಾಗಿ ಬಂಡೆಯ ರೂಪ ಹೊರಬರುತ್ತದೆ. ಮೋಡ ಕವಿದ ದಿನವಾದರೆ ಉತ್ತಮ. ಫಿಲ್ಟರ್‌ಗಳಲ್ಲಿ ಮೊದಲು ಕೊಳ್ಳಬೇಕಾದದ್ದು ಪೋಲರೈಸರ್. ಒದ್ದೆ ಎಲೆ, ಬಂಡೆಗಳ ಹೊಳಪನ್ನು ಅದು ತೆಗೆದು ಹಸಿರನ್ನು ತೋರಿಸುತ್ತದೆ. ಒಂದೂವರೆ ಎರಡು ಸ್ಟಾಪ್ (ಒಂದು ಸ್ಟಾಪ್ ತಡೆದರೆ ಬೆಳಕು ಅರ್ಧವಾಗುತ್ತದೆ) ಬೆಳಕನ್ನೂ ತಡೆಯುವುದರಿಂದ, ಕಾಡಿನ ನೆರಳಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಎಫ್/11 (ಲೆನ್ಸಿನ ಕಿಂಡಿಯ ಅಳತೆ; ಅಂಕಿ ಹೆಚ್ಚಿದಷ್ಟೂ ಕಿಂಡಿ ಕಿರಿದು) ಇಟ್ಟರೆ ಎನ್‌ಡಿ ಇಲ್ಲದೆಯೇ ಅರ್ಧ ಸೆಕೆಂಡ್ ಸಿಗುತ್ತದೆ. ಎಫ್/22ಕ್ಕೆ ಹೋಗಬೇಡಿ, ವಿವರ್ತನೆಯಿಂದ (ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವುದರಿಂದ) ಚಿತ್ರದ ಚೂಪು ಕುಗ್ಗುತ್ತದೆ.

ಕಾರವಾರದಿಂದ ಒಬ್ಬರು:

ಕಡಲಿಗೆ ಎನ್‌ಡಿ ಬೇಕು. ಆರು ಸ್ಟಾಪಿನದು 1/60 ಸೆಕೆಂಡನ್ನು ಸುಮಾರು ಒಂದು ಸೆಕೆಂಡಿಗೆ ಹಿಗ್ಗಿಸುತ್ತದೆ. ಹತ್ತು ಸ್ಟಾಪಿನದು 1/8 ಸೆಕೆಂಡನ್ನು ಎರಡು ನಿಮಿಷ ದಾಟಿಸುತ್ತದೆ, ಆಗ ಅಲೆಗಳೆಲ್ಲ ಮಂಜಾಗಿಬಿಡುತ್ತವೆ. ನಾನು ಆರನ್ನೇ ಹೆಚ್ಚು ಬಳಸುತ್ತೇನೆ. ನಮ್ಮ ಸೂರ್ಯ ಕಡಲಿಗೇ ಮುಳುಗುವುದರಿಂದ, ಮುಳುಗಿದ ಮೇಲಿನ ಅರ್ಧ ಗಂಟೆಯಲ್ಲಿ ಅದೂ ಬೇಡವಾಗುತ್ತದೆ. ಅಲೆ ದಡಕ್ಕೆ ಏರುವಾಗ ಅಲ್ಲ, ಹಿಂದೆ ಸರಿಯತೊಡಗಿದಾಗ ಷಟರ್ ಒತ್ತಿ, ಅರ್ಧದಿಂದ ಒಂದು ಸೆಕೆಂಡ್ ಇಡಿ. ನೊರೆ ಗೆರೆಗಳಾಗಿ ಮರಳಿನ ಮೇಲೆ ಉಳಿಯುತ್ತದೆ. ಹೊರಡುವ ಮುನ್ನ ಉಬ್ಬರ ಇಳಿತದ ವೇಳೆ ನೋಡಿರಿ. ಎರಡು ಉಬ್ಬರಗಳ ನಡುವೆ ಸುಮಾರು ಹನ್ನೆರಡೂವರೆ ಗಂಟೆ ಅಂತರವಿದ್ದು, ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಏರಿಳಿತ ಹೆಚ್ಚು. ಇಳಿತದಲ್ಲಿ ನಡೆದು ತಲುಪಿದ ಬಂಡೆಯಿಂದ ಉಬ್ಬರದಲ್ಲಿ ಮರಳಿ ಬರಲಾಗದು. ಟ್ರೈಪಾಡಿನ ಕಾಲುಗಳನ್ನು ಮರಳಿನಲ್ಲಿ ಒತ್ತಿ ಹೂತು, ಮನೆಗೆ ಬಂದೊಡನೆ ಸಿಹಿನೀರಿನಲ್ಲಿ ತೊಳೆಯಿರಿ.

ಯಲ್ಲಾಪುರದಿಂದ ಒಬ್ಬರು:

ಸಾತೊಡ್ಡಿಯಲ್ಲಿ ಜಲಪಾತದ ಸಮೀಪಕ್ಕೇ ಹೋಗಬಹುದಾದ್ದರಿಂದ ತುಂತುರು ಲೆನ್ಸಿಗೆ ಸಿಡಿಯುತ್ತದೆ; ಮೈಕ್ರೋಫೈಬರ್ ಬಟ್ಟೆ ನಾಲ್ಕಾರು ಇರಲಿ. ಹಳ್ಳದ ನಡುವೆ ನಿಂತಿದ್ದಾಗ ನೀರು ಕದಡಿ ಕಸಕಡ್ಡಿ ತೇಲಿ ಬರತೊಡಗಿದರೆ, ಮೇಲ್ಗಡೆ ಮಳೆಯಾಗಿದೆ ಎಂದು ತಿಳಿದು ತಕ್ಷಣ ದಡ ಹತ್ತಿರಿ. ಉಂಬಳಕ್ಕೆ (ಕಾಡಿನ ಜಿಗಣೆಗೆ) ಸುಣ್ಣ ತಂಬಾಕು ಸಾಕು. ನಮ್ಮ ಮಳೆಗಾಲದ ಥಂಡಿಗೆ ಲೆನ್ಸಿನೊಳಗೆ ಬೂಷ್ಟು ಬೆಳೆಯುವುದು ಮಾತ್ರ ಗಂಭೀರ ವಿಷಯ; ಒದ್ದೆ ಚೀಲದಲ್ಲಿ ಕ್ಯಾಮೆರಾ ಇಡದೆ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಕದ್ರಾ ಅಣೆಕಟ್ಟಿನ ಕೆಳಗೆ ಕಾಳಿಯ ದಡಕ್ಕೆ ಮಳೆಗಾಲದಲ್ಲಿ ಹೋಗುವುದಾದರೆ, ಅಂದು ನೀರು ಬಿಡುವ ಸೂಚನೆ ಇದೆಯೇ ಎಂದು ಊರವರನ್ನು ಕೇಳಿಯೇ ಇಳಿಯಿರಿ.