‘ಗ್ರೋತ್ ಫ್ಯಾಕ್ಟರ್’ಗೆ ‘ಬೆಳವಣಿಗೆಯ ಅಂಶ’ ನಡೀತದೇನ್ರಿ?

ಪ್ರಶ್ನೆ (ಬೀದರ್): ಪಿಯು ಮಕ್ಕಳಿಗೆ ಫೈಬ್ರೊಬ್ಲಾಸ್ಟ್ ಗ್ರೋತ್ ಫ್ಯಾಕ್ಟರ್, ಅಂದ್ರ ಎಫ್‌ಜಿಎಫ್ ಪ್ರೋಟೀನುಗಳ ಬಗ್ಗೆ ಟಿಪ್ಪಣಿ ಬರೀಲಿಕ್ಕತ್ತೀನಿ. ಗ್ರೋತ್ ಫ್ಯಾಕ್ಟರ್‌ಗೆ ‘ಬೆಳವಣಿಗೆಯ ಅಂಶ’, ರಿಸೆಪ್ಟರ್‌ಗೆ ‘ಗ್ರಾಹಕ’ ಅಂತ ಹಾಕೀನಿ. ಸರಿ ಅದಾವೇನ್ರಿ?

ಉತ್ತರ (ಕಲಬುರಗಿ): ‘ಅಂಶ’ ಬ್ಯಾಡ್ರಿ ಸರ್. ಹಾಲಿನಲ್ಲಿ ಕೊಬ್ಬಿನ ಅಂಶ, ಮಣ್ಣಿನಲ್ಲಿ ಸುಣ್ಣದ ಅಂಶ ಎಂದರೆ ಬೆರೆತ ಪಾಲು. ಇದೋ, ಒಂದು ಕೋಶ ಹೊರಬಿಟ್ಟು ಮತ್ತೊಂದು ಕೋಶದಿಂದ ಕೆಲಸ ಮಾಡಿಸುವ ಪ್ರೋಟೀನು. ‘ರೋಗಕಾರಕ’ ಎಲ್ಲರಿಗೂ ಗೊತ್ತು. ಅದೇ ಅಚ್ಚಿನಲ್ಲಿ ‘ವೃದ್ಧಿಕಾರಕ’ ಅನ್ನಿ. ‘ಬೆಳವಣಿಗೆ ಪ್ರಚೋದಕ’ ಅಂದರೆ ನಮ್ಮ ಕಡೆ ತೊಗರಿಗೆ ಹೊಡೆಯುವ ಟಾನಿಕ್ಕೇ ನೆನಪಾಗೋದು.

‘ಗ್ರಾಹಕ’ ಕರೆಂಟ್ ಬಿಲ್ಲಿನ ಮೇಲಿದೆ. ‘ಎಫ್‌ಜಿಎಫ್‌ಗೆ ನಾಲ್ಕು ಗ್ರಾಹಕರು’ ಅಂತ ಓದಿದರೆ ಕಿರಾಣಿ ಅಂಗಡಿ ಲೆಕ್ಕ ಆಗ್ತದೆ. ಸಂಕೇತ ಹಿಡಿಯುವ ಕೋಶದ ಪ್ರೋಟೀನಿಗೆ ‘ಗ್ರಾಹಿ’ ಸಾಕು.

ನಿಜವಾದ ತೊಡಕು ‘ಬೆಳವಣಿಗೆ’ಯಲ್ಲಿದೆ. ಎಫ್‌ಜಿಎಫ್ ಗ್ರಾಹಿ-3 ಉದ್ದ ಮೂಳೆಗಳ ತುದಿಯ ಮೃದ್ವಸ್ಥಿಯಲ್ಲಿ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ. ಅದರ ಸರಪಳಿಯ 380ನೇ ಜಾಗದ ಗ್ಲೈಸಿನ್ ಎಂಬ ಅಮೈನೊ ಆಮ್ಲ ಹೋಗಿ ಆರ್ಜಿನಿನ್ ಬಂದರೆ ಗ್ರಾಹಿ ಅತಿಯಾಗಿ ಚುರುಕಾಗಿ ಕೈಕಾಲು ಗಿಡ್ಡ ಉಳಿಯುತ್ತವೆ. ಅಕಾಂಡ್ರೊಪ್ಲೇಸಿಯ ಎಂಬ ಹುಟ್ಟಿನಿಂದಲೇ ಬರುವ ಕುಳ್ಳುತನ ಬಹುಪಾಲು ಇದರಿಂದಲೇ. ಎಫ್‌ಜಿಎಫ್-23 ಮೂಳೆಯಿಂದ ಹೊರಟು, ಫಾಸ್ಫೇಟ್ ಮೂತ್ರದಲ್ಲಿ ಬಿಡಲು ಮೂತ್ರಪಿಂಡಕ್ಕೆ ಹೇಳುತ್ತದೆ. ಈ ಪ್ರೋಟೀನು ಹೆಚ್ಚಾದರೆ ಮೂಳೆ ಮೆತ್ತಗಾಗುತ್ತದೆ. ಹೀಗಾಗಿ ‘ವೃದ್ಧಿ’ ಹೆಸರಿಗಷ್ಟೇ, ವರ್ಣನೆಗಲ್ಲ ಅಂತ ಮೊದಲೇ ಒಂದು ಮಾತು ಹಾಕಿ. ‘ಫೈಬ್ರೊಬ್ಲಾಸ್ಟ್’ (ಅಂಗಾಂಶದ ನಾರು ತಯಾರಿಸುವ ಕೋಶ) ಪದವನ್ನು ಅನುವಾದಿಸಬೇಡಿ. ಎಫ್‌ಜಿಎಫ್-7 ಕೆಲಸ ಮಾಡುವುದು ಹೊದಿಕೆ ಕೋಶಗಳ ಮೇಲೆ, ಫೈಬ್ರೊಬ್ಲಾಸ್ಟ್‌ಗಳ ಮೇಲಲ್ಲ.

ಈ ಪ್ರೋಟೀನುಗಳ ರಚನೆಗೆ (ಇಂಗ್ಲಿಷಿನ ‘ಟ್ರೆಫಾಯಿಲ್ ಫೋಲ್ಡ್’) ‘ತ್ರಿದಳ ಮಡಿಕೆ’ ಚೆನ್ನಾಗಿ ಕೂಡುತ್ತದೆ. ಶರಣಬಸವೇಶ್ವರ ಗುಡಿಗೆ ಒಯ್ಯುವ ಬಿಲ್ವಪತ್ರೆ ತೋರಿಸಿ: ದಳಕ್ಕೆ ನಾಲ್ಕರಂತೆ 12 ಬೀಟಾ ಎಳೆ. ಮೇಲ್ಮೈಯ ಧನಾವೇಶದ ಜಾಗಕ್ಕೆ ಹೆಪರಾನ್ ಸಲ್ಫೇಟ್ ಎಂಬ ಸಕ್ಕರೆ ಸರಪಳಿ ಅಂಟಿ, ಎರಡು ಗ್ರಾಹಿಗಳನ್ನು ಜೋಡಿಯಾಗಿ ಹಿಡಿದಿಡಲು ನೆರವಾಗುತ್ತದೆ. ಪ್ರಯೋಗಾಲಯದಲ್ಲಿ 37 ಡಿಗ್ರಿಯಲ್ಲಿ ಇಟ್ಟ ಎಫ್‌ಜಿಎಫ್-2 ಬೇಗ ಶಕ್ತಿ ಕಳೆದುಕೊಳ್ಳುತ್ತದೆ, ಹೆಪರಾನ್ ಸಲ್ಫೇಟಿನಂಥದ್ದೇ ಆದ ಹೆಪರಿನ್ ಸೇರಿಸಿದರೆ ತಾಳುತ್ತದೆ. 19, 21, 23 ಈ ಮೂರಕ್ಕೆ ಹೆಪರಾನ್ ಹಿಡಿತ ಸಡಿಲ. ಅದಕ್ಕೇ ರಕ್ತದಲ್ಲಿ ದೂರ ಹೋಗಬಲ್ಲವು. ಗ್ರಾಹಿಯ ಬಳಿ ಮಾತ್ರ ಕ್ಲೋಥೊ ಪ್ರೋಟೀನಿನ ಆಸರೆ ಬೇಕು. ಇವುಗಳನ್ನು ‘ಹಾರ್ಮೋನು’ ಅಂದರೂ ತಪ್ಪಲ್ಲ.

ಕೊನೆಯ ನಂಬರು 23 ಅಂತ ‘23 ಸದಸ್ಯರು’ ಎಂದು ಬರೆದಿದ್ದರೆ ತಿದ್ದಿಕೊಳ್ಳಿ. ಮನುಷ್ಯರಲ್ಲಿ 22. ಎಫ್‌ಜಿಎಫ್-15 ಇಲಿಯದು, ನಮ್ಮ 19ಕ್ಕೆ ಸಮಾನ.